ಸಾಕುಮೀನಿನ ಪಚನಕ್ರಿಯೆ ಮತ್ತು ತಿನಿಸಿನ ವೇಳೆ (ಹಿಂದಿನ ಲೇಖನಕ್ಕೆ ತಿದ್ದುಪಡಿ ಸಹಿತ)

ಸದಸ್ಯ ಬಾಂಧವರಲ್ಲಿ ಮೊದಲಿಗೆ ಒಂದು ತಪ್ಪೊಪ್ಪಿಗೆ. ನಮ್ಮ ಪತ್ರಿಕೆಯ 2022ರ ಮುಂಗಾರು ಸಂಚಿಕೆಯಲ್ಲಿ ತೋಟದ ಕೆರೆಗಳಲ್ಲಿ ಮೀನು ಸಾಕುವ ಬಗ್ಗೆ ನನ್ನದೊಂದು ಲೇಖನ ಪ್ರಕಟವಾಗಿತ್ತು. ಅದರಲ್ಲಿ ತಿನಿಸಿನ ವಿಷಯವನ್ನು ನಾನು ಒಂದೇ ವಾಕ್ಯದಲ್ಲಿ ಮುಗಿಸಿದ್ದೆ. ಕೆರೆಯಲ್ಲಿರುವ ಮೀನುಗಳ ಒಟ್ಟು ತೂಕದ ಶೇಕಡಾ 3ರಷ್ಟು ತಿನಿಸನ್ನು ಪ್ರತಿದಿನ ಕೊಡತಕ್ಕದ್ದು ಎಂದು ಬರೆದಿದ್ದೆ. ವಾಕ್ಯ ಸುಳ್ಳಲ್ಲ. ಆದರೆ ಯಾವ ಹೊತ್ತಿನಲ್ಲಿ ಕೊಡಬೇಕು, ಎಷ್ಟು ಸಲಕ್ಕೆ ಹಂಚಬೇಕು, ಯಾವ ದಿನ ಕೊಡಲೇಬಾರದು ಎಂಬುದನ್ನು ಅಲ್ಲಿ ಹೇಳಿರಲಿಲ್ಲ. ಆ ಲೋಪಕ್ಕೆ ನನ್ನ ಗೆಳೆಯನೊಬ್ಬ ಬೆಲೆ ತೆತ್ತ. ಈ ತಿದ್ದುಪಡಿಯನ್ನು ಆಗಲೇ ಬರೆಯಬೇಕಿತ್ತು. ಒಂದೆರಡು ಬೆಳೆ ನೋಡಿ ಬರೆಯೋಣವೆಂದು ತಡಮಾಡಿದೆ, ಅದೂ ತಪ್ಪೇ. ಮೊನ್ನೆ ಸಂಘದ ಉಗ್ರಾಣದಲ್ಲಿ ಸದಸ್ಯರೊಬ್ಬರು ಹಳೆಯ ಸಂಚಿಕೆಯನ್ನು ಹಿಡಿದುಕೊಂಡು ಶೇಕಡಾ 3ರ ಲೆಕ್ಕದಲ್ಲಿ ಹಿಂಡಿ ತೂಗಿಸುತ್ತಿದ್ದುದನ್ನು ಕಂಡ ಮೇಲೆ ಇನ್ನು ಸುಮ್ಮನಿರಬಾರದೆನ್ನಿಸಿತು.

ಗೆಳೆಯನ ಊರು ಕೃಷ್ಣಾ ತೀರದ ಶಿರಗುಪ್ಪಿ, ಕಾಗವಾಡ ತಾಲ್ಲೂಕು. ಧಾರವಾಡದ ಕೃಷಿ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು. ಅಡಿಕೆ, ಕಾಫಿಯ ಗಂಧವಿಲ್ಲದ ಊರಾದರೂ ನಮ್ಮ ಪತ್ರಿಕೆಯನ್ನು ಅಂಚೆಯಲ್ಲಿ ತರಿಸಿ ಓದುತ್ತಾನೆ. ಅಲ್ಲಿ ಎತ್ತ ನೋಡಿದರೂ ಕಬ್ಬು. ನೀರು ಹೆಚ್ಚಾಗಿ ಹರಿಸಿದ ಕಪ್ಪು ಭೂಮಿ ಎಷ್ಟೋ ಕಡೆ ಸವಳು ಜವಳಾಗಿದೆ. ಇವನ ಹೊಲದ ತಗ್ಗಿನಲ್ಲಿಯೂ ಒಂದು ಎಕರೆಯಷ್ಟು ಹಾಗೆಯೇ ಕೆಟ್ಟು, ಕಬ್ಬು ಮೊಳಕೈ ಎತ್ತರಕ್ಕೆ ನಿಂತುಬಿಡುತ್ತಿತ್ತು. 2019ರ ಆಗಸ್ಟಿನ ಮಹಾಪೂರದಲ್ಲಿ ಅದೂ ಹೋಯಿತು. ಕೊನೆಗೆ ಆ ತಗ್ಗನ್ನೇ ಹೊಂಡ ಮಾಡಿಸಿ, ಒಡ್ಡು ಎತ್ತರಿಸಿ, 2000 ಬಿತ್ತನೆ ಮೀನು ಬಿಟ್ಟ. ಕಾಟ್ಲಾ, ರೋಹು, ಮೃಗಾಲ್, ಜತೆಗೆ ಸ್ವಲ್ಪ ಸಾಮಾನ್ಯ ಗೆಂಡೆ. ಸಾಲದ ಹಣ, ಕೈಯಲ್ಲಿದ್ದ ಹಣ ಎರಡೂ ಅದರಲ್ಲಿತ್ತು.

ಆ ವರ್ಷದ ಅಕ್ಟೋಬರಿನಲ್ಲಿ ನಾನು ಶೇಡಬಾಳದಲ್ಲಿ ರೈಲು ಇಳಿದು ಅವನ ಮನೆಗೆ ಹೋದೆ. ಮೂರು ದಿನಗಳಿಂದ ಮೋಡ ಮುಚ್ಚಿಕೊಂಡಿತ್ತು, ಆಗಾಗ ಜಿನುಗು ಮಳೆ. ಸಂಜೆ ಆರರ ಸುಮಾರಿಗೆ ಒಡ್ಡಿನ ಮೇಲೆ ನಿಂತು ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಕಲಸಿದ 18 ಕಿ.ಗ್ರಾಂ. ತಿನಿಸನ್ನು ಒಂದೇ ಸಲಕ್ಕೆ ಎರಚಿದ. ನೀರು ಕುದಿಯುವಂತೆ ಮೀನು ಮೇಲೆದ್ದವು. ನೋಡಲು ಬಹಳ ಚೆನ್ನಾಗಿತ್ತು. ನಾನೂ ಎರಡು ಬೊಗಸೆ ಎಸೆದು, ಭೇಷ್ ಎಂದೆ.

ಮಾರನೆಯ ದಿನ ಐದು ಗಂಟೆಗೆ ಅವನ ಮಗ ಬಂದು ಎಬ್ಬಿಸಿದ. ಬೆಳಕು ಹರಿಯುವ ಹೊತ್ತಿಗೆ ಹೊಂಡದ ತುಂಬ ಮೀನು ಬಾಯಿ ಮೇಲೆ ಮಾಡಿ ಗಾಳಿ ನುಂಗುತ್ತಿದ್ದವು. ಕಾಟ್ಲಾ ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಕೊಳವೆಬಾವಿಯ ಪಂಪನ್ನು ಹಚ್ಚಿ, ನೀರನ್ನು ಮೇಲಿನಿಂದ ಚಿಮ್ಮಿಸಿ, ಸೂರ್ಯ ಮೇಲೆ ಬರುವವರೆಗೆ ಮೂವರೂ ಒದ್ದಾಡಿದೆವು. ಸತ್ತವನ್ನು ಎಣಿಸಿದಾಗ ಸುಮಾರು 700. ಗೆಳೆಯ ನನ್ನನ್ನು ಬೈಯಲಿಲ್ಲ. "ನೀ ಬರದಂಗ ಮಾಡೇನಪಾ, ಒಂದ ಗುಂಜಿ ಹೆಚ್ಚ ಕಮ್ಮಿ ಮಾಡಿಲ್ಲ" ಎಂದ. ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಆಗ ಅವನ ಮನೆಯಾಕೆ, ನಾನು ವೈನಿ ಎಂದು ಕರೆಯುವವರು, ಒಂದು ಮಾತು ಕೇಳಿದರು: "ಅಣ್ಣಾರ, ರಾತ್ರಿ ತುಂಬಿ ಉಂಡ್ರ ನಮಗೂ ಉಸರ ಹಿಡೀತೈತಿ, ಅವಕ್ಕ ಹಿಡಿಯೂದಿಲ್ಲೇನ್ರಿ?" ಪದವಿ ಪಡೆದ ನಮ್ಮಿಬ್ಬರಿಗೂ ಹೊಳೆಯದಿದ್ದುದು ಅದು. ಆಗ ತಾನೇ ಸತ್ತ ರೋಹು ಒಂದನ್ನು ಅಲ್ಲಿಯೇ ಒಡ್ಡಿನ ಮೇಲೆ ಸೀಳಿ ನೋಡಿದೆವು. ಕರುಳಿನ ಮುಂಭಾಗ ಹಿಂಡಿ ತೌಡಿನಿಂದ ಬಿಗಿದುಕೊಂಡಿತ್ತು. ರಾತ್ರಿ ಕಳೆದಿದ್ದರೂ ಅದರಲ್ಲಿ ಬಹುಭಾಗ ಎರಚಿದಂತೆಯೇ ಇತ್ತು.

ಇನ್ನು ವಿಷಯಕ್ಕೆ ಬರೋಣ. ಆ ಕರುಳನ್ನು ಎಳೆದು ಉದ್ದಕ್ಕೆ ಹಾಸಿದರೆ ಮೀನಿನ ದೇಹಕ್ಕಿಂತ ಹಲವು ಪಟ್ಟು ಉದ್ದವಾಗುತ್ತದೆ. ಆದರೆ ಎಷ್ಟು ಹುಡುಕಿದರೂ ಅದರಲ್ಲಿ ಜಠರ ಸಿಗುವುದಿಲ್ಲ. ಗೆಂಡೆ ಜಾತಿಯ ಮೀನುಗಳಿಗೆ, ಎಂದರೆ ನಾವು ಸಾಕುವ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಇವೆಲ್ಲಕ್ಕೂ, ನಿಜವಾದ ಜಠರವೇ ಇರುವುದಿಲ್ಲ. ಅನ್ನನಾಳ ನೇರವಾಗಿ ಕರುಳಿಗೆ ಸೇರುತ್ತದೆ. ಕರುಳಿನ ಮುಂಭಾಗ ಸ್ವಲ್ಪ ಅಗಲವಾಗಿ ಚೀಲದಂತೆ ಕಾಣುತ್ತದೆಯಷ್ಟೆ, ಅದರಲ್ಲಿ ಆಮ್ಲವಿಲ್ಲ, ಪೆಪ್ಸಿನ್ ಎಂಬ ಜೀರ್ಣರಸವೂ ಇಲ್ಲ. ಬಾಯಲ್ಲಿ ಹಲ್ಲಿಲ್ಲ. ಹಲ್ಲು ಗಂಟಲಿನೊಳಗಿದ್ದು, ಅಲ್ಲಿಯೇ ಆಹಾರವನ್ನು ಅರೆದು ಒಳಗೆ ತಳ್ಳುತ್ತದೆ. ಮುಂದಿನ ಕೆಲಸವೆಲ್ಲ ಪಿತ್ತರಸ ಮತ್ತು ಮೇದೋಜೀರಕದ ರಸಗಳದು. ಸಸಾರಜನಕವನ್ನು ಟ್ರಿಪ್ಸಿನ್, ಪಿಷ್ಟವನ್ನು ಅಮೈಲೇಸ್, ಕೊಬ್ಬನ್ನು ಲೈಪೇಸ್ ಒಡೆಯುತ್ತವೆ. ಗೆಂಡೆಗಳಲ್ಲಿ ಅಮೈಲೇಸ್ ಧಾರಾಳವಾಗಿರುವುದರಿಂದಲೇ ತೌಡಿನಂಥ ಅಗ್ಗದ ತಿನಿಸಿನ ಮೇಲೂ ಅವು ಬೆಳೆಯುತ್ತವೆ.

ನಮ್ಮ ಹಳ್ಳಗಳ ಮುರುಗೋಡಿನಂತಹ ಮೀನಿಗೆ ಜಠರವಿದೆ. ಅದು ಒಮ್ಮೆ ಹೊಟ್ಟೆ ತುಂಬ ನುಂಗಿ ಬಹಳ ಹೊತ್ತು ಸುಮ್ಮನಿರಬಲ್ಲದು. ಜಿಲೇಬಿ ಮೀನಿಗೂ ಜಠರವಿದ್ದು, ಅದರೊಳಗಿನ ಆಮ್ಲ ಬಹಳ ತೀಕ್ಷ್ಣವಾದುದು. ಗೆಂಡೆಗೆ ಈ ಅನುಕೂಲ ಯಾವುದೂ ಇಲ್ಲ. ಇದರ ಇನ್ನೊಂದು ಪರಿಣಾಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಮ್ಲವಿಲ್ಲದ ಕಾರಣ ಮೂಳೆಯಲ್ಲಿರುವ ರಂಜಕವನ್ನು ಗೆಂಡೆ ಸರಿಯಾಗಿ ಕರಗಿಸಿಕೊಳ್ಳಲಾರದು. ಕಾಫಿಗೆ ತಂದ ಮೂಳೆಪುಡಿ ಉಳಿಯಿತೆಂದು ಮೀನಿನ ತಿನಿಸಿಗೆ ಬೆರೆಸುವವರಿದ್ದಾರೆ, ಅದನ್ನು ಗಿಡಕ್ಕೆ ಹಾಕಿದರೇ ಲೇಸು.

ನಾವು ರೈತರು ದನ ಸಾಕಿದವರು. ಸಂಜೆ ಗ್ವಾದಲಿ ತುಂಬಿಸಿಬಿಟ್ಟರೆ ದನ ರಾತ್ರಿಯೆಲ್ಲ ಮೆಲುಕು ಹಾಕಿಕೊಂಡಿರುತ್ತದೆ ಎಂಬ ಅಭ್ಯಾಸವೇ ಮೀನಿನ ವಿಷಯದಲ್ಲಿಯೂ ಕೈಯನ್ನು ನಡೆಸುತ್ತದೆ. ದನಕ್ಕೆ ಉಗ್ರಾಣವಿದೆ, ಗೆಂಡೆಗೆ ಇಲ್ಲ. ಸ್ವಾಭಾವಿಕವಾಗಿ ಅದು ದಿನವಿಡೀ ಚೂರು ಚೂರಾಗಿ ಮೇಯುವ ಪ್ರಾಣಿ. ಕಾಟ್ಲಾ ಮೇಲುನೀರಿನಲ್ಲಿ ಸೂಕ್ಷ್ಮಜೀವಿಗಳನ್ನು ಸೋಸುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ಕೆಸರಿನ ಬಳಿ. ಹಾಗೆ ಮೇಯುವುದನ್ನು ಒಮ್ಮೆಗೇ ಉಣ್ಣಿಸಿದರೆ ಕರುಳಿನಲ್ಲಿರುವ ತಿನಿಸನ್ನು ಹಿಂದಿನಿಂದ ಬಂದುದು ಮುಂದಕ್ಕೆ ನೂಕುತ್ತದೆ. ಅರ್ಧ ಅರಗಿದ ಹಿಂಡಿ ಹೊರಗೆ ಬಂದು ಕೆರೆಯ ತಳ ಸೇರುತ್ತದೆ. ಕಿಲೋಗೆ ಇಷ್ಟು ಎಂದು ಹಣ ಕೊಟ್ಟು ತಂದ ಹಿಂಡಿ ಕೆರೆಗೆ ಗೊಬ್ಬರವಾಗುತ್ತದೆ, ಅದೂ ಬೇಡದ ಗೊಬ್ಬರ.

ಇದಕ್ಕಿಂತ ಮುಖ್ಯವಾದುದು ಉಸಿರಿನ ಲೆಕ್ಕ. ಪಚನವೆಂಬುದು ಪುಕ್ಕಟೆ ನಡೆಯುವ ಕೆಲಸವಲ್ಲ. ಊಟದ ನಂತರ ಕೆಲವು ಗಂಟೆಗಳ ಕಾಲ ಮೀನಿನ ದೇಹ ಖಾಲಿ ಹೊಟ್ಟೆಯಲ್ಲಿದ್ದಾಗಿಗಿಂತ ಬಹಳ ಹೆಚ್ಚು ಆಮ್ಲಜನಕವನ್ನು ಬೇಡುತ್ತದೆ. ಭಾರಿ ಊಟದ ಮೇಲೆ ಈ ಬೇಡಿಕೆ ಹೆಚ್ಚುಕಡಿಮೆ ಎರಡು ಪಟ್ಟಾಗುವುದುಂಟು. ಕೆರೆಯ ನೀರಿಗೆ ಆಮ್ಲಜನಕ ಬಹುಪಾಲು ಬರುವುದು ಹಗಲಿನಲ್ಲಿ, ಪಾಚಿ ಬಿಸಿಲನ್ನು ಹೀರಿ ಕೆಲಸ ಮಾಡುವಾಗ. ರಾತ್ರಿ ಪಾಚಿಯೂ ಉಸಿರಾಡುತ್ತದೆ, ತಳದ ಕೊಳೆಯೂ ತಿನ್ನುತ್ತದೆ, ಮೀನೂ ತಿನ್ನುತ್ತದೆ, ಜಮೆ ಏನೂ ಇಲ್ಲ. ಆದುದರಿಂದ ನಸುಕಿನ ನಾಲ್ಕೈದು ಗಂಟೆಗೆ ಶಿಲ್ಕು ಅತ್ಯಂತ ಕಡಿಮೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಗೆಂಡೆಗೆ ಸುಖ, 3ಕ್ಕೆ ಇಳಿದರೆ ಸಂಕಟ. ಶಿರಗುಪ್ಪಿಯಲ್ಲಿ ಮೂರು ದಿನ ಬಿಸಿಲಿಲ್ಲದೆ ಜಮೆಯೇ ಕಡಿಮೆಯಾಗಿತ್ತು. ಅಂಥ ಸಂಜೆಯಲ್ಲಿ 18 ಕಿಲೋ ಉಣ್ಣಿಸಿ, ಖರ್ಚನ್ನು ರಾತ್ರಿಗೆ ಬಿಟ್ಟೆವು.

ಲೆಕ್ಕದ ತಪ್ಪೂ ಇತ್ತು, ಅದನ್ನೂ ಬಿಚ್ಚಿ ಹೇಳುವುದು ಅವಶ್ಯ. ಗೆಳೆಯ ಬಿಟ್ಟ ಮೀನು 2000, ಹಾಗಾಗಿ ಹೊಂಡದಲ್ಲಿ 2000 ಇವೆಯೆಂದೇ ಹಿಡಿದಿದ್ದ. ಬೀಸುಬಲೆಗೆ ಸಿಕ್ಕ ನಾಲ್ಕೈದರಲ್ಲಿ ದೊಡ್ಡದನ್ನು ತೂಗಿ 300 ಗ್ರಾಂ ಎಂದು ಬರೆದುಕೊಂಡಿದ್ದ. 600 ಕಿಲೋ ಮೀನು, ಶೇಕಡಾ 3ಕ್ಕೆ 18 ಕಿಲೋ. ಸತ್ತವನ್ನೂ, ಮುಂದೆ ಹಿಡಿದವನ್ನೂ ಎಣಿಸಿದಾಗ ಇದ್ದುದು 1600ರ ಆಸುಪಾಸು ಎಂದು ತಿಳಿಯಿತು. ಸತ್ತ ಮೀನುಗಳನ್ನು ಬುಟ್ಟಿಗಟ್ಟಲೆ ತೂಗಿ ಭಾಗಿಸಿದಾಗ ಸರಾಸರಿ 220 ಗ್ರಾಂ. ಎಂದರೆ 352 ಕಿಲೋ ಮೀನಿಗೆ 18 ಕಿಲೋ ತಿನಿಸು, ಶೇಕಡಾ 5ಕ್ಕಿಂತಲೂ ಹೆಚ್ಚು. ಶೇಕಡಾ 3 ಎಂದು ಬರೆದವನು ನಾನು, ಯಾವುದರ ಶೇಕಡಾ 3 ಎಂಬುದನ್ನು ಅಳೆಯುವ ಕ್ರಮವನ್ನು ಬರೆಯದವನೂ ನಾನೇ.

ಸವಳು ನೆಲದವರಿಗೆ ಇನ್ನೊಂದು ತೊಡಕಿದೆ. ಸಸಾರಜನಕ ಅರಗಿದ ಮೇಲೆ ಉಳಿಯುವ ಸಾರಜನಕವನ್ನು ಮೀನು ಕಿವಿರಿನ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ನೀರಿನ ರಸಸಾರ 7 ಇದ್ದಾಗ ಅದರಲ್ಲಿ ವಿಷರೂಪದ್ದು ಶೇಕಡಾ 1ಕ್ಕಿಂತ ಕಡಿಮೆ. ರಸಸಾರ 9 ಆದರೆ, 25 ಡಿಗ್ರಿ ಉಷ್ಣತೆಯಲ್ಲಿ, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ವಿಷರೂಪಕ್ಕೆ ತಿರುಗುತ್ತದೆ. ಗೆಳೆಯನ ಹೊಂಡದಲ್ಲಿ ಬಿಸಿಲು ದಿನದ ಮಧ್ಯಾಹ್ನ ಅಳೆದಾಗ 9ರ ಸಮೀಪವಿತ್ತು. ಹಿಂಡಿ ಹೆಚ್ಚು ಹಾಕಿದಷ್ಟೂ ಅಲ್ಲಿ ಅಪಾಯ ಹೆಚ್ಚು. ನಮ್ಮ ಮಲೆನಾಡಿನ ನೀರು ಸಾಮಾನ್ಯವಾಗಿ ಮೆದು, ತುಸು ಹುಳಿ, ಈ ಭಯ ನಮಗೆ ಕಡಿಮೆ. ನಮಗಿರುವ ಭಯಗಳು ಬೇರೆ, ಮುಂದೆ ಹೇಳುತ್ತೇನೆ.

ಹಾಗಾದರೆ ಯಾವ ಹೊತ್ತು? ಬಿಸಿಲು ನೀರಿನ ಮೇಲೆ ಚೆನ್ನಾಗಿ ಬಿದ್ದ ಮೇಲೆ, ಒಂಬತ್ತೂವರೆ ಹತ್ತರ ಸುಮಾರಿಗೆ ಮೊದಲ ಪಾಲು. ಮೂರು ಗಂಟೆಯ ಸುಮಾರಿಗೆ ಎರಡನೆಯದು. ನಾಲ್ಕರ ನಂತರ ಏನನ್ನೂ ಹಾಕಬಾರದು. ಮೋಡ ಮುಚ್ಚಿದ ದಿನ ಅರ್ಧ, ಎರಡನೆಯ ದಿನವೂ ಮೋಡವಿದ್ದರೆ ಪೂರ್ತಿ ಬಂದ್. ಮೀನು ಒಂದೆರಡು ದಿನದ ಉಪವಾಸಕ್ಕೆ ಸಾಯುವ ಪ್ರಾಣಿಯಲ್ಲ, ಕೆರೆಯಲ್ಲಿ ಅದಕ್ಕೆ ಸ್ವಾಭಾವಿಕ ಮೇವು ಇದ್ದೇ ಇರುತ್ತದೆ. ಹೊತ್ತು ಮತ್ತು ಜಾಗ ದಿನವೂ ಒಂದೇ ಆಗಿರಲಿ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿಗೆ ನಾವು ಪುರಿಯ ಪೊಟ್ಟಣ ಹಿಡಿದು ಇಳಿಯುವ ಮೊದಲೇ ಮೀನುಗಳು ಬಂದು ಕಾದಿರುವುದನ್ನು ಎಲ್ಲರೂ ಕಂಡಿದ್ದೇವೆ. ಸಾಕುಮೀನೂ ಹಾಗೆಯೇ ಕಲಿಯುತ್ತದೆ. ಕಲಿತ ಮೇಲೆ ತಿನಿಸು ತಳಕ್ಕೆ ಬಿದ್ದು ಹಾಳಾಗುವುದು ಕಡಿಮೆ.

ಎರಚುವುದನ್ನೇ ಬಿಟ್ಟು ಚೀಲ ಕಟ್ಟುವುದು ಇನ್ನೂ ಮೇಲು. ಆಂಧ್ರದ ಕೊಲ್ಲೇರು ಪ್ರಾಂತದ ಮೀನುಗಾರರು ರೂಢಿಗೆ ತಂದ ಉಪಾಯ ಇದು. ಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲವನ್ನು ಚೆನ್ನಾಗಿ ತೊಳೆದು, ಕೆಳಭಾಗದಲ್ಲಿ ಎರಡು ಸಾಲು ತೂತು ಮಾಡಿ, ತಿನಿಸು ತುಂಬಿ, ಗೂಟಕ್ಕೆ ಅಥವಾ ಹಗ್ಗಕ್ಕೆ ನೀರಿನಲ್ಲಿ ಇಳಿಬಿಡುತ್ತಾರೆ. ಮೀನು ತೂತಿಗೆ ಬಾಯಿಟ್ಟು ಎಳೆದೆಳೆದು ಎರಡು ಮೂರು ಗಂಟೆಯ ಕಾಲ ತಿನ್ನುತ್ತದೆ. ಜಠರವಿಲ್ಲದ ಪ್ರಾಣಿಗೆ ಇದಕ್ಕಿಂತ ಒಪ್ಪುವ ಊಟವಿಲ್ಲ. ಎರಡು ಗಂಟೆಯ ಮೇಲೆ ಚೀಲ ಎತ್ತಿ ನೋಡಿದರೆ ಉಳಿದದ್ದೂ ಕಾಣುತ್ತದೆ. ಉಳಿದಿದ್ದರೆ ನಾಳೆಯ ಪಾಲು ಕಡಿಮೆ. ಇಷ್ಟು ಮಾಡುವವರಿಗೆ ಶೇಕಡಾ ಲೆಕ್ಕ ಅರ್ಧ ಬೇಡವೇ ಬೇಡ.

ಆದರೂ ಲೆಕ್ಕ ಬೇಕೆನ್ನುವವರಿಗೆ: ಬಿತ್ತನೆ ಬಿಟ್ಟ ಮೊದಲ ತಿಂಗಳಲ್ಲಿ ತೂಕದ ಶೇಕಡಾ 5ರಷ್ಟನ್ನು ಮೂರು ನಾಲ್ಕು ಸಲಕ್ಕೆ ಹಂಚಿ ಕೊಡಬಹುದು. ಮೀನು 100 ಗ್ರಾಂ ದಾಟಿದ ಮೇಲೆ 3, ಅರ್ಧ ಕಿಲೋ ಆದ ಮೇಲೆ 2 ಅಥವಾ ಅದಕ್ಕೂ ಕಡಿಮೆ. ತಿಂಗಳಿಗೊಮ್ಮೆ ಬೀಸುಬಲೆಯನ್ನು ಕೆರೆಯ ನಾಲ್ಕು ಕಡೆ ಬೀಸಿ, ಸಿಕ್ಕ ಎಲ್ಲವನ್ನೂ, ಸಣ್ಣದು ದೊಡ್ಡದೆನ್ನದೆ, ಒಟ್ಟಿಗೆ ತೂಗಿ ಎಣಿಕೆಯಿಂದ ಭಾಗಿಸಿರಿ. 800 ಮೀನು ಬಿಟ್ಟಿದ್ದರೆ 680 ಎಂದೇ ಹಿಡಿಯಿರಿ. ಸರಾಸರಿ 150 ಗ್ರಾಂ ಬಂದರೆ 102 ಕಿಲೋ. ದಿನಕ್ಕೆ 3 ಕಿಲೋ ತಿನಿಸು, ಬೆಳಿಗ್ಗೆ ಒಂದೂವರೆ, ಮಧ್ಯಾಹ್ನ ಒಂದೂವರೆ.

ಈ ಲೆಕ್ಕ ಬೆಚ್ಚನೆಯ ನೀರಿಗೆ ಮಾತ್ರ. ಮೀನಿಗೆ ನಮ್ಮಂತೆ ಸ್ವಂತ ಮೈಶಾಖವಿಲ್ಲ. ನೀರಿನ ಶಾಖವೇ ಅದರ ಶಾಖ, ಜೀರ್ಣರಸದ ಚುರುಕೂ ಅದರಂತೆಯೇ. ಗೆಂಡೆಗೆ 25ರಿಂದ 30 ಡಿಗ್ರಿ ಸೆಂಟಿಗ್ರೇಡ್ ಹಿತ. ಆ ಶಾಖದಲ್ಲಿ ಕೆಲವು ಗಂಟೆಗಳಲ್ಲಿ ಕರುಳನ್ನು ದಾಟುವ ಆಹಾರ ತಣ್ಣನೆಯ ನೀರಿನಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಮರದ ನೆರಳಿನ ನಮ್ಮ ಕಾಫಿ ತೋಟದ ಕೆರೆಗಳು ಡಿಸೆಂಬರ್, ಜನವರಿಯಲ್ಲಿ ಎಷ್ಟು ತಣ್ಣಗಿರುತ್ತವೆಂದು ಹಣ್ಣು ಕುಯ್ಯುವಾಗ ಕೈ ತೊಳೆದವರೆಲ್ಲರಿಗೂ ಗೊತ್ತು. ನಾನು ನೀರು 25 ಇದ್ದರೆ ಪೂರ್ತಿ, 20ರ ಹತ್ತಿರವಿದ್ದರೆ ಅರ್ಧ, ಅದಕ್ಕಿಂತ ಕೆಳಗೆ ಒಂದು ಹಿಡಿ, ಅದೂ ಮಧ್ಯಾಹ್ನ, ಎಂಬ ಕ್ರಮ ಇಟ್ಟುಕೊಂಡಿದ್ದೇನೆ. ಸಾಧಾರಣ ಉಷ್ಣಮಾಪಕವೊಂದನ್ನು ದಾರಕ್ಕೆ ಕಟ್ಟಿ ಮೊಣಕಾಲಾಳಕ್ಕೆ ಇಳಿಬಿಟ್ಟರೆ ಸಾಕು.

ಈಗ ಖರ್ಚು ಉಳಿಸುವ ಒಂದು ಸಂಗತಿ. 1980ರ ದಶಕದಲ್ಲಿ ಶ್ರೀಲಂಕಾದ ವಿಜ್ಞಾನಿ ಸೇನಾ ಡಿ ಸಿಲ್ವಾ ಅವರು ಒಂದು ವಿಚಿತ್ರವನ್ನು ಗುರುತಿಸಿದರು. ಒಂದೇ ತಿನಿಸನ್ನು ದಿನವೂ ಕೊಟ್ಟರೂ ಮೀನು ಅದನ್ನು ದಿನವೂ ಒಂದೇ ಪ್ರಮಾಣದಲ್ಲಿ ಅರಗಿಸಿಕೊಳ್ಳುವುದಿಲ್ಲ, ಏರಿಳಿತವಿರುತ್ತದೆ. ಹಾಗಿದ್ದಲ್ಲಿ ದುಬಾರಿಯಾದ ಸಸಾರಜನಕವನ್ನು ದಿನವೂ ಏಕೆ ಕೊಡಬೇಕು? ಈ ಪ್ರಶ್ನೆಯನ್ನು ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಪರೀಕ್ಷಿಸಿದವರು ಡಾ. ಎಂ. ಸಿ. ನಂದೀಶ ಮತ್ತು ಅವರ ಸಂಗಡಿಗರು. 1969ರಲ್ಲಿ ಆರಂಭವಾದ ಆ ಕಾಲೇಜು ದೇಶದಲ್ಲಿಯೇ ಮೊದಲನೆಯದು. ಸಸಾರಜನಕ ಕಡಿಮೆ ಇರುವ ತಿನಿಸನ್ನೂ ಹೆಚ್ಚಿರುವ ತಿನಿಸನ್ನೂ ದಿನ ಬಿಟ್ಟು ದಿನ, ಇಲ್ಲವೆ ಬೇರೆ ಬೇರೆ ಸರದಿಯಲ್ಲಿ, ಕಾಟ್ಲಾ ಮತ್ತು ರೋಹುಗಳಿಗೆ ಕೊಟ್ಟು ನೋಡಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು, 1995ರಲ್ಲಿ ಸಾಮಾನ್ಯ ಗೆಂಡೆಯದನ್ನು. ಕೆಲವು ಸರದಿಗಳಲ್ಲಿ ಮೀನಿನ ಬೆಳವಣಿಗೆ ನಿತ್ಯ ದುಬಾರಿ ತಿನಿಸು ತಿಂದವುಗಳಿಗೆ ಸರಿಸಮವಾಗಿಯೇ ಇತ್ತು.

ಅವರ ಪ್ರಯೋಗ ಅಳತೆಯಿಟ್ಟು ತಯಾರಿಸಿದ ತಿನಿಸಿನದು. ನಾನು ಅದನ್ನು ಮನೆಯ ಮಟ್ಟಿಗೆ ಹೀಗೆ ಇಳಿಸಿಕೊಂಡಿದ್ದೇನೆ. ಶೇಂಗಾ ಹಿಂಡಿಯಲ್ಲಿ ಸಸಾರಜನಕ ಶೇಕಡಾ 40ರ ಮೇಲೆ, ತೌಡಿನಲ್ಲಿ 12ರ ಸುಮಾರು. ಒಂದು ದಿನ ಹಿಂಡಿ ತೌಡು ಸಮಭಾಗ, ಮರುದಿನ ಬರೀ ತೌಡಿಗೆ ಹೆಸರಿಗೆ ಸ್ವಲ್ಪ ಹಿಂಡಿ. ಸಗಣಿ ಗೊಬ್ಬರ ಹದವಾಗಿ ಹಾಕಿ ನೀರಿಗೆ ಹಸಿರು ಬಂದಿರುವ ಕೆರೆಯಾದರೆ ಸಸಾರಜನಕದ ಒಂದು ಪಾಲನ್ನು ಆ ಸೂಕ್ಷ್ಮಜೀವಿಗಳೇ ಒದಗಿಸುತ್ತವೆ. ತಿಳಿನೀರಿನ ಕೆರೆಯಲ್ಲಿ ಇದನ್ನು ಮಾಡಬೇಡಿ. ಹಿಂಡಿಯನ್ನು ಮಳೆಗಾಲಕ್ಕೆಂದು ಮೊದಲೇ ಕೊಂಡು ಪೇರಿಸಲೂ ಬೇಡಿ. ಬೂಷ್ಟು ಹಿಡಿದ ಶೇಂಗಾ ಹಿಂಡಿಯ ವಿಷ ಮೀನಿನ ಯಕೃತ್ತನ್ನು ಕೆಡಿಸುತ್ತದೆ.

ಸದಸ್ಯರು ಪದೇ ಪದೇ ಕೇಳುವ ಪ್ರಶ್ನೆ ಕಾಫಿ ಸಿಪ್ಪೆಯದು. ಮಧ್ಯ ಅಮೆರಿಕದ ಕಾಫಿ ದೇಶಗಳಲ್ಲಿ 1970ರ ದಶಕದಲ್ಲಿಯೇ ಒಣಗಿಸಿದ ಸಿಪ್ಪೆಯನ್ನು ಜಿಲೇಬಿ ಮೀನಿನ ತಿನಿಸಿಗೆ ಬೆರೆಸಿ ನೋಡಿದ್ದಾರೆ. ಅದರಲ್ಲಿರುವ ಟ್ಯಾನಿನ್ ಸಸಾರಜನಕಕ್ಕೆ ಅಂಟಿಕೊಂಡು ಪಚನಕ್ಕೆ ಅಡ್ಡಿಮಾಡುತ್ತದೆ, ಕೆಫೀನ್ ಬೇರೆ ಇದೆ. ಜಠರವಿರುವ ಮೀನಿಗೇ ಮಿತಿಯಿರುವಾಗ ಗೆಂಡೆಗೆ ಕೊಡುವಂತೆ ನಾನು ಹೇಳಲಾರೆ. ಹಸಿ ಸಿಪ್ಪೆಯನ್ನಾಗಲಿ ಪಲ್ಪರ್ ನೀರನ್ನಾಗಲಿ ಕೆರೆಗೆ ಬಿಟ್ಟರಂತೂ ಅದು ಕೊಳೆಯುವಾಗ ಇದ್ದ ಆಮ್ಲಜನಕವನ್ನೆಲ್ಲ ನುಂಗಿ ಶಿರಗುಪ್ಪಿಯ ಬೆಳಗನ್ನು ನಮ್ಮಲ್ಲಿಗೂ ತರುತ್ತದೆ. ಬೋರ್ಡೋ ಸಿಂಪಡಿಸುವವರು ಮೈಲುತುತ್ತದ ಡ್ರಮ್ಮು, ಪಂಪುಗಳನ್ನು ಕೆರೆಯಲ್ಲಿ ತೊಳೆಯಬಾರದು. ನಮ್ಮ ಮೆದುನೀರಿನಲ್ಲಿ ತಾಮ್ರದ ವಿಷ ಗಡಸುನೀರಿಗಿಂತ ತೀವ್ರ.

ಹುಲ್ಲುಗೆಂಡೆ ಬಿಟ್ಟಿರುವವರಿಗೆ ಒಂದೇ ಮಾತು. ಅದು ದಿನಕ್ಕೆ ತನ್ನ ತೂಕದ ಅರ್ಧದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಹುಲ್ಲು ಮೇಯುತ್ತದೆ, ಅದರಲ್ಲಿ ಬಹಳಷ್ಟು ಅರಗದೆಯೇ ಹೊರಬೀಳುತ್ತದೆ. ಆ ಲದ್ದಿ ಉಳಿದ ಮೀನುಗಳ ಕೆರೆಗೆ ಗೊಬ್ಬರ. ಹಾಗಾಗಿ ಹುಲ್ಲುಗೆಂಡೆ ಹೆಚ್ಚಿರುವ ಕೆರೆಗೆ ಸಗಣಿ ಕಡಿಮೆ ಮಾಡಿರಿ.

ಮೀನು ಹಿಡಿಯುವ ಹಿಂದಿನ ದಿನ ತಿನಿಸು ಕೊಡಬಾರದು. ಕರುಳು ಖಾಲಿಯಿದ್ದರೆ ಮೀನು ಬೇಗ ಕೆಡುವುದಿಲ್ಲ, ಸಾಗಿಸುವಾಗಲೂ ತಡೆಯುತ್ತದೆ. ತೂಕ ಸ್ವಲ್ಪ ಕಡಿಮೆಯಾಗುತ್ತದೆಂದು ಕೆಲವರು ಹಿಂದಿನ ಸಂಜೆ ಹೊಟ್ಟೆ ತುಂಬಿಸುತ್ತಾರೆ. ಒಮ್ಮೆ ಮೋಸಹೋದ ವ್ಯಾಪಾರಿ ಎರಡನೆಯ ಸಲ ಆ ಕೆರೆಗೆ ಬರುವುದಿಲ್ಲ.

ಶಿರಗುಪ್ಪಿಯ ಹೊಂಡದಲ್ಲಿ ಆ ವರ್ಷ ಉಳಿದ ಮೀನನ್ನು ಮಾರಿ ಬಿತ್ತನೆಯ ಹಣ, ಹಿಂಡಿಯ ಹಣ ಬಂತು, ಅಗೆತದ ಹಣ ಬರಲಿಲ್ಲ. ಮುಂದಿನ ಬೆಳೆಯಿಂದ ಎಂಟು ಚೀಲ ಕಟ್ಟಿದ್ದಾರೆ. ಬೆಳಿಗ್ಗೆ ಚೀಲ ತುಂಬುವುದೂ, ಮೋಡ ನೋಡಿ ನಿಲ್ಲಿಸುವುದೂ ಈಗ ವೈನಿಯವರ ಅಧಿಕಾರ. ಗೆಳೆಯನಿಗೆ ಕೈ ಹಾಕಲು ಬಿಡುವುದಿಲ್ಲವಂತೆ. ಹಿಂಡಿಯ ಖರ್ಚು ಇಳಿದಿದೆ, ನಸುಕಿನಲ್ಲಿ ಯಾರೂ ಬಂದು ಎಬ್ಬಿಸಿಲ್ಲ. ಸಾಲದ ಕೊನೆಯ ಕಂತು ಇನ್ನೂ ಇದೆ.

2022ರ ಸಂಚಿಕೆಯನ್ನು ಇಟ್ಟುಕೊಂಡಿರುವ ಸದಸ್ಯರು ಆ ಲೇಖನದ ತಿನಿಸಿನ ವಾಕ್ಯವನ್ನು ಹೊಡೆದುಹಾಕಿ, ಪಕ್ಕದಲ್ಲಿ ಈ ಸಂಚಿಕೆಯನ್ನು ನೋಡುವಂತೆ ಬರೆದುಕೊಳ್ಳಬೇಕಾಗಿ ವಿನಂತಿ. ಸಂಘದ ಉಗ್ರಾಣದಲ್ಲಿ ಒಂದು ಬೀಸುಬಲೆ, 20 ಕಿಲೋ ತೂಗುವ ತಕ್ಕಡಿ ಮತ್ತು ಎರಡು ಉಷ್ಣಮಾಪಕಗಳನ್ನು ಇರಿಸಲಾಗಿದೆ. ಬೇಕಾದವರು ಎರಡು ದಿನ ಮುಂಚಿತವಾಗಿ ತಿಳಿಸಿ, ಪುಸ್ತಕದಲ್ಲಿ ರುಜು ಮಾಡಿ ಒಯ್ಯಬಹುದು. ಬಲೆಯನ್ನು ಒಣಗಿಸಿ ಹಿಂತಿರುಗಿಸಬೇಕು.